ಮುಂಗೈಯ ಪಾತರಗಿತ್ತಿ

ಒಂದು ಮಗುವಿಗೆ 'ಕೈ ಕಟ್ಟು' ಎಂದು ನೀವು ಕೊನೆಯ ಸಲ ಹೇಳಿದ್ದು ಯಾವತ್ತು? ನೆನಪಿಲ್ಲ, ಅಲ್ಲವೇ? ನೆನಪಿಡುವಷ್ಟು ದೊಡ್ಡ ಮಾತು ಅದೆಂದು ನಿಮಗೆ ಅನ್ನಿಸಿಯೇ ಇರಲಿಲ್ಲ.

ಅಮೃತಾ ಮೂರನೇ ತರಗತಿಯ ಬಾಗಿಲಿಗೆ ಬಂದು ನಿಂತಾಗ ಗಂಟೆ ಹನ್ನೊಂದೂಕಾಲು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೈಮೇಲೆ ಸಮವಸ್ತ್ರ ಇರಲಿಲ್ಲ. ಮನೆಯಲ್ಲಿ ತೊಡುವ ಮಾಸಿದ ಹಸಿರು ಲಂಗ ಇತ್ತು, ಅದರ ಅಂಚಿಗೆಲ್ಲ ಮುಳ್ಳು ಅಂಟಿದ್ದವು. ಎಂಟು ವರ್ಷದ ಆ ಹುಡುಗಿಗೆ ಹುಟ್ಟಿನಿಂದಲೂ ಕಿವಿ ಕೇಳಿಸದು, ಬಾಯಿಂದ ಮಾತು ಬಾರದು. ಅವಳ ಮಾತೆಲ್ಲ ಕೈಯಲ್ಲಿ. ಹೊಸ್ತಿಲು ದಾಟುವ ಮೊದಲೇ ಆ ಕೈಗಳು ಮಾತಾಡತೊಡಗಿದ್ದವು. ಒಳಗೆ ಮೂವತ್ತೊಂದು ಮಕ್ಕಳು ಎಡಗೈಯನ್ನು ಎದೆಗೆ ಅಡ್ಡ ಕಟ್ಟಿ, ಬಲಗೈಯ ತೋರುಬೆರಳನ್ನು ತುಟಿಯ ಮೇಲಿಟ್ಟುಕೊಂಡು ಕೂತಿದ್ದರು. ಕುರ್ಚಿಯ ಮೇಲೆ ತಾಲ್ಲೂಕಿನಿಂದ ಬಂದ ಅಧಿಕಾರಿ ಕೂತಿದ್ದರು.

ಆ ಹಳ್ಳಿ ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯಿಂದ ಎರಡು ಕಿಲೋಮೀಟರು ಒಳಗಿದೆ. ಹೆಸರು ಬೇಡ. ಹೇಳಿದರೆ 'ಓ, ಅಲ್ಲಿಯದೋ' ಎಂದು ನೀವು ಪಕ್ಕಕ್ಕೆ ಸರಿಸಿಬಿಡಬಹುದು.

ಅಧಿಕಾರಿ ಬಂದದ್ದು ಆ ತರಗತಿಯ ಗೋಡೆಯನ್ನು ನೋಡಲು. ಮೂರು ತಿಂಗಳ ಹಿಂದೆ, ಮಳೆ ಬಿದ್ದು ಶಾಲೆಯ ಹಿಂದಿನ ತಂಗಡಿ ಗಿಡಗಳು ಹೂ ಬಿಟ್ಟಿದ್ದಾಗ, ಕಿಟಕಿಯಿಂದ ಒಂದು ಹಳದಿ ಚಿಟ್ಟೆ ಒಳಗೆ ಬಂದಿತ್ತು. ಪಾಠ ನಿಂತಿತು. ಹರಪನಹಳ್ಳಿ ಕಡೆಯಿಂದ ಹೊಸದಾಗಿ ಬಂದಿದ್ದ ಸೌಭಾಗ್ಯ ಟೀಚರು ಪುಸ್ತಕ ಮಡಚಿ, "ಇದಕ್ಕೆ ಪುಸ್ತಕದಾಗೆ ಚಿಟ್ಟೆ ಅಂತ ಐತೆ. ನಿಮ್ಮ ನಿಮ್ಮ ಮನೆಯಾಗೆ ಏನಂತಾರೆ?" ಎಂದು ಕೇಳಿದಳು.

"ಪಾತರಗಿತ್ತಿ ರೀ!" ಇಡೀ ತರಗತಿ ಕೂಗಿತು.

"ನಮ್ಮವ್ವ ಪಾತ್ರಗಿತ್ತಿ ಅಂತಾಳ್ರಿ. ಆಕಿ ಎಲ್ಲಾನೂ ಲಗೂನ ಹೇಳ್ತಾಳ," ಎಂದಳು ಮುಂದಿನ ಸಾಲಿನ ರೇಖಾ.

ಅಂಜಿನೇಯಲುವಿನ ತಾಯಿಯ ತವರು ಆಂಧ್ರದ ಕಡೆ. ಅವನು ಎದ್ದು ನಿಂತು, "ನಮ್ಮನ್ಯಾಗ ಸೀತಾಕೋಕಚಿಲುಕ ಅಂತಾರ್ರಿ," ಎಂದ.

"ಏಟುದ್ದ ಐತಲೇ ನಿಮ್ಮನಿ ಪಾತರಗಿತ್ತಿ! ನೀ ಹೆಸರು ಹೇಳಿ ಮುಗಸೂದ್ರಾಗ ಅದು ಹಾರಿ ಹೊಕ್ಕೈತಿ," ಎಂದು ರೇಖಾ ಅಂದದ್ದಕ್ಕೆ ಎಲ್ಲರೂ ನಕ್ಕರು.

ಹುಸೇನಬಿ ನಗು ನಿಲ್ಲುವ ತನಕ ಕಾದು, ಮೆಲ್ಲಗೆ, "ತಿತ್ಲಿ," ಎಂದಳು. ಎಷ್ಟು ಮೆಲ್ಲಗೆ ಎಂದರೆ, ಆ ಪದವೇ ಬಂದು ಕಿಟಕಿಯ ಸರಳಿನ ಮೇಲೆ ಕೂತಂತಾಯಿತು. ಆಗ ಹಿಂದಿನ ಸಾಲಿನಲ್ಲಿ ಎರಡು ಕೈಗಳು ಮೇಲೆದ್ದವು. ಅಮೃತಾ ಎರಡು ಹೆಬ್ಬೆರಳುಗಳನ್ನು ಒಂದಕ್ಕೊಂದು ಸಿಕ್ಕಿಸಿ, ಉಳಿದ ಎಂಟು ಬೆರಳುಗಳನ್ನು ಬಿಡಿಸಿ, ಮೆಲ್ಲಗೆ ಬಡಿಯುತ್ತಿದ್ದಳು. ಯಾರೂ ನಗಲಿಲ್ಲ. ಆ ಕೋಣೆಯಲ್ಲಿ ಅಷ್ಟು ಹೊತ್ತು ಆಡಿದ ಪದಗಳಲ್ಲಿ ಹಾರಿದ್ದು ಅದೊಂದೇ.

ಸೌಭಾಗ್ಯ ಆ ಕೈಗಳ ಫೋಟೊ ತೆಗೆದು, ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿದಳು. ಸುತ್ತ ಬಣ್ಣದ ಹಾಳೆಗಳಲ್ಲಿ ಚಿಟ್ಟೆ, ಪಾತರಗಿತ್ತಿ, ತಿತ್ಲಿ, ಸೀತಾಕೋಕಚಿಲುಕ; ನಡುವೆ ಎರಡು ಕೈ. ಕೆಳಗೆ 'ಅಮೃತಾಳ ಮಾತು' ಎಂದು ಬರೆದಳು. ಅಷ್ಟಕ್ಕೇ ನಿಲ್ಲಲಿಲ್ಲ. ಶಾಲೆ ಬಿಟ್ಟ ಮೇಲೆ ಊರ ಹೊರಗಿನ ಅವಳ ಮನೆಗೆ ಹೋಗಿ, ಅಜ್ಜಿ ಗಾಳೆಮ್ಮನ ಮುಂದೆ ನೆಲದ ಮೇಲೆ ಕೂತು, ಮನೆಯಲ್ಲಿ ಅಜ್ಜಿ ಮೊಮ್ಮಗಳು ಆಡುವ ಸನ್ನೆಗಳನ್ನೆಲ್ಲ ಒಂದೊಂದಾಗಿ ಕೇಳಿ ಪುಸ್ತಕದಲ್ಲಿ ಬರೆದುಕೊಂಡಳು. ನೀರು, ರೊಟ್ಟಿ, ಹಾವು, ಬಿಸಿಲು, ಬಾ, ಓಡು. ಅಮೃತಾಳ ತಾಯಿ ದುರ್ಗಾದೇವಿ ಹಗರಿಬೊಮ್ಮನಹಳ್ಳಿಯ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆಯವಳು. ಮುಂಜಾನೆಯ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ತಂದೆ ಹುಲುಗಣ್ಣ ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುವವನು. ಆ ಮಗುವಿಗೆ ಮಾತು ಕಲಿಸಿದವಳು ಗಾಳೆಮ್ಮ.

ಗಾಳೆಮ್ಮನ ಎಡ ಮುಂಗೈಯ ಮೇಲೆ ಹಸಿರು ಹಚ್ಚೆಯ ಪಾತರಗಿತ್ತಿ ಇತ್ತು. ಚರ್ಮ ಸುಕ್ಕಾಗಿ ರೆಕ್ಕೆ ಮುದುಡಿದ್ದವು.

"ನನ್ನ ಮದಿವ್ಯಾಗ ಹಾಕ್ಸಿದ್ದವ್ವ ಇದು. ಚುಚ್ಚೂವಾಗ ಭಾಳ ಅತ್ತಿದ್ದೆ. ಈಕಿ ಕೂಸಿದ್ದಾಗ ಅಳಾಕತ್ತಿದ್ರ ಏನ್ ಮಾಡ್ಲಿ? ಜೋಗುಳ ಹಾಡಿದ್ರ ಕೇಳಿಸ್ತಿದ್ದಿಲ್ಲ. ಹಿಂಗ ಮುಷ್ಟಿ ಹಿಡ್ದು ನರ ಕುಣಿಸ್ತಿದ್ದೆ. ಇದು ರೆಕ್ಕಿ ಬಡೀತಿತ್ತು, ಈಕಿ ಸುಮ್ಮನಾಗ್ತಿದ್ಲು. ಅದ್ಕ, ಪಾತರಗಿತ್ತಿ ಮಾಡಿ ಮುಂಗೈ ಮ್ಯಾಲ ಕುಂದ್ರಿಸಿದ್ಲಂದ್ರ ಅದು ನಾನು." ಗಾಳೆಮ್ಮ ಬಾಯಿ ತುಂಬ ನಕ್ಕಳು. "ನೋಡವ್ವ, ಪಾತರದಾಕಿ ಹಂಗ ಸೀರಿ ಉಟ್ಟು ಕುಣೀತೈತಂತ ಅದಕ್ಕ ಆ ಹೆಸರು. ಹಲ್ಲು ಒಂದೂ ಉಳೀದ ಮುದುಕಿನ ಯಾರರ ಪಾತರಗಿತ್ತಿ ಅಂತಾರನು? ಈಕಿ ಒಬ್ಬಾಕಿ ಅಂತಾಳ."

ಬರೀ ಗಾಳಿಯಲ್ಲಿ ಹಾರಿದರೆ ಚಿಟ್ಟೆ. ಹಾರಿ, ಹೆಬ್ಬೆರಳು ಬಿಚ್ಚಿ, ಬಲಗೈಯೊಂದೇ ರೆಕ್ಕೆಯಾಗಿ ಎಡ ಮುಂಗೈಯ ಮೇಲೆ ಇಳಿದರೆ ಅಜ್ಜಿ. ಎರಡೂ ಬೇರೆ ಬೇರೆ ಮಾತು. ಸೌಭಾಗ್ಯ ಎರಡನ್ನೂ ಬರೆದುಕೊಂಡಳು. ಮಕ್ಕಳು ಬರೆದುಕೊಳ್ಳಲಿಲ್ಲ, ಆಟದ ಬಯಲಿನಲ್ಲಿ ಅವಳ ಜೊತೆ ಆಡಿ ಆಡಿ ವಾರದೊಳಗೆ ಅಷ್ಟನ್ನೂ ಕಲಿತುಬಿಟ್ಟರು.

ಗೋಡೆಯ ಸುದ್ದಿ ತಾಲ್ಲೂಕಿಗೆ ಮುಟ್ಟಿತು. ಅಧಿಕಾರಿಗಳು ನೋಡಲು ಬರುತ್ತಾರೆಂದು ಗೊತ್ತಾದಾಗ ಮುಖ್ಯೋಪಾಧ್ಯಾಯ ಗುರುಬಸವರಾಜ ಮೇಷ್ಟ್ರು ಗೋಡೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು.

"ಟೀಚರ್, ಆ ಪಾತರಗಿತ್ತಿ ಅನ್ನೋದನ್ನ ತಗೀರಿ. ಪಾತರ ಅಂದ್ರ ಕುಣಿಯೋ ಸೂಳಿ, ಗೊತ್ತೈತಿಲ್ಲ? ದೊಡ್ಡವ್ರು ಬರೋ ಜಾಗದಾಗ ಬ್ಯಾಡ."

"ಸಾರ್, ಅದು ಈ ಊರಿನ ಮಾತು. ಅದನ್ನ ತಗೆದ್ರೆ ಗೋಡೆನೇ ಬೇಡ, ಎಲ್ಲಾ ಹರಿದುಹಾಕ್ತೀನಿ," ಎಂದಳು ಸೌಭಾಗ್ಯ. ಹಟ ಬಿಡಲಿಲ್ಲ. ಮೇಷ್ಟ್ರು ಸೋತರು. ಪದ ಉಳಿಯಿತು.

ಅಧಿಕಾರಿ ಬರುವ ಹಿಂದಿನ ದಿನ, ಶಾಲೆ ಬಿಡುವ ಹೊತ್ತಿಗೆ, ಮೇಷ್ಟ್ರು ಮತ್ತೊಂದು ಮಾತು ಹೇಳಿದರು. "ನಾಳಿ ಒಂದಿನ ಆ ಹುಡುಗಿ ಮನ್ಯಾಗ ಇರ್ಲಿ ಬಿಡ್ರಿ. ಸಾಹೇಬ್ರು ಏನರ ಕೇಳ್ತಾರ, ಆಕಿ ಉತ್ತರ ಕೊಡಾಂಗಿಲ್ಲ. ಆ ಕೈ ಬ್ಯಾರೆ ಒಂದ ಕಡಿ ನಿಲ್ಲಂಗಿಲ್ಲ. ಫೋಟೊ ಐತಲ್ಲ, ಸಾಕು."

ಸೌಭಾಗ್ಯ ಗೋಡೆಯನ್ನು ನೋಡಿದಳು. ಮೂರು ತಿಂಗಳ ದುಡಿಮೆ. ಒಂದು ದಿನ ತಾನೇ ಎಂದುಕೊಂಡಳು. ಒಂದು ಪದಕ್ಕಾಗಿ ಜಗಳವಾಡಿ ಗೆದ್ದಿದ್ದವಳು ಒಂದು ಮಗುವಿಗಾಗಿ ಜಗಳವಾಡಲಿಲ್ಲ. ತಾನೇ ಹಿಂದಿನ ಸಾಲಿಗೆ ಹೋಗಿ, ತಾನು ಕಲಿತ ಸನ್ನೆಗಳಲ್ಲೇ ಅಮೃತಾಳಿಗೆ ಹೇಳಿದಳು: ನಾಳೆ, ಶಾಲೆ, ಬೇಡ. ಅಮೃತಾ ಗೋಡೆಯ ಮೇಲಿನ ತನ್ನ ಕೈಗಳನ್ನು ತೋರಿಸಿ 'ಯಾಕೆ' ಎಂದು ಕೇಳಿದಳು. ಸೌಭಾಗ್ಯ ಅವಳ ತಲೆ ಸವರಿದಳು. ತಲೆ ಸವರುವುದು ಉತ್ತರವಲ್ಲ.

ಹೀಗಾಗಿ ಆ ಡಿಸೆಂಬರ್ ಮುಂಜಾನೆ ಅಮೃತಾ ಮನೆಯಲ್ಲಿದ್ದಳು. ಸುತ್ತಲಿನ ಮನೆಯವರೆಲ್ಲ ಮೆಕ್ಕೆಜೋಳದ ತೆನೆ ಮುರಿಯಲು ಹೊಲಕ್ಕೆ ಹೋಗಿದ್ದರು. ಗಾಳೆಮ್ಮ ಒಲೆಗೆಂದು ಕಟ್ಟಿಗೆಯ ರಾಶಿಯಿಂದ ಒಂದು ತುಂಡು ಎಳೆದಾಗ ಒಳಗಿದ್ದ ನಾಗರಹಾವು ಅವಳ ಬಲಗಾಲಿಗೆ ಕಚ್ಚಿತು. ಅವಳು ಸೆರಗು ಹರಿದು ಮೀನಖಂಡಕ್ಕೆ ಬಿಗಿದುಕೊಂಡಳು. ಕೂಗಿದಳು, ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ, ಪಕ್ಕದಲ್ಲಿದ್ದವಳಿಗೆ ಕೇಳಿಸುವಂತಿರಲಿಲ್ಲ. ನಾಲಗೆ ದಪ್ಪಗಾಗುತ್ತ ಬಂತು. ಆಗ ಆ ಮುದುಕಿ ಕೈ ಎತ್ತಿ ಮೊಮ್ಮಗಳಿಗೆ ಹೇಳಿದಳು: ಶಾಲೆ. ಟೀಚರು. ಓಡು. ಆ ಮಗು ಮುಳ್ಳುಹಾದಿಯಲ್ಲಿ ಬರಿಗಾಲಲ್ಲಿ ಓಡಿತು. ಅವಳ ಮಾತು ತಿಳಿದವರು ಊರಿನಲ್ಲಿ ಇದ್ದದ್ದು ಆ ಒಂದು ಕೋಣೆಯಲ್ಲಿ.

ಆ ಕೋಣೆಯ ಬಾಗಿಲಲ್ಲಿ ನಿಂತು ಅವಳು ಹೇಳಿದಳು. ಚಿಟ್ಟೆ ಹಾರಿ ಮುಂಗೈಯ ಮೇಲೆ ಇಳಿಯಿತು. ಬಲಗೈ ಹೆಡೆಯಾಗಿ ಹರಿದಾಡಿ ಕಾಲಿಗೆ ಬಡಿಯಿತು. ಬನ್ನಿ, ಬನ್ನಿ, ಬನ್ನಿ.

ಗುರುಬಸವರಾಜ ಮೇಷ್ಟ್ರು ಮುಖವನ್ನು ಅಧಿಕಾರಿಯ ಕಡೆಗೇ ಇಟ್ಟುಕೊಂಡು, ಹಲ್ಲು ಕಚ್ಚಿ, "ಏ, ಕೈ ಕಟ್ಟು!" ಎಂದರು. ಅವಳಿಗೆ ತಿಳಿಯಲೆಂದು ತಮ್ಮ ಎರಡೂ ಕೈ ಎದೆಗೆ ಕಟ್ಟಿ ತೋರಿಸಿದರು. ಮೂರು ವರ್ಷಗಳಲ್ಲಿ ಶಾಲೆ ಆ ಮಗುವಿಗೆ ಕಲಿಸಿದ್ದ ಸನ್ನೆ ಅದೊಂದೇ.

"ಯಾರಿದು?" ಅಧಿಕಾರಿ ಕೇಳಿದರು.

"ನಮ್ಮ ಶಾಲಿ ಮಗೂನ ಸಾರ್. ಮಾತು ಬರಾಂಗಿಲ್ಲ. ಇವತ್ತು ಆರಾಮ ಇಲ್ಲಂತ ರಜಾ ಹಾಕ್ಯಾಳ."

ಸೌಭಾಗ್ಯ ಓಡಿಬಂದು ಅಮೃತಾಳ ಎರಡೂ ಮಣಿಕಟ್ಟು ಹಿಡಿದು ಒಳಗೆ ಕರೆತಂದಳು. ಹಿಂದಿನ ಸಾಲಿನಲ್ಲಿ ಕೂರಿಸಿದಳು. ಆಮೇಲೆ, ಆಮೇಲೆ ಎಂದು ಬೆರಳಾಡಿಸಿದಳು. ಅಮೃತಾ ಕೈ ಬಿಡಿಸಿಕೊಂಡು ಮತ್ತೆ ಹೇಳಿದಳು. ಮುಂಗೈ, ಹೆಡೆ, ಕಾಲು. ಸೌಭಾಗ್ಯಳ ಕಣ್ಣು ಅಧಿಕಾರಿಯ ಮುಖದ ಮೇಲಿತ್ತು. ಅವರು ಅಸಮಾಧಾನಗೊಂಡರೇ ಎಂದು ಹುಡುಕುತ್ತಿತ್ತು. ನೋಡದೆಯೇ ಅವಳು ಆ ಕೈಗಳನ್ನು ಹಿಡಿದು, ಒಂದರ ಮೇಲೊಂದು ಮಡಚಿ, ಎದೆಗೆ ಒತ್ತಿ ಹಿಡಿದುಕೊಂಡಳು. ಹಾಗೆ ಹಿಡಿದುಕೊಂಡೇ ನಕ್ಕಳು.

ಅವಳು ನೋಡಲಿಲ್ಲ. ಆದರೆ ಮೂವತ್ತೊಂದು ಮಕ್ಕಳು ನೋಡಿದ್ದರು. ಎಲ್ಲರಿಗೂ ಅರ್ಥವಾಗಿತ್ತು. ರೇಖಾಳ ಕಣ್ಣು ತುಂಬಿ ಬಂದವು. ಬೆರಳು ತುಟಿಯ ಮೇಲೆಯೇ ಇತ್ತು. ಹುಸೇನಬಿ ಅಂಜಿನೇಯಲುವನ್ನು ನೋಡಿದಳು, ಅಂಜಿನೇಯಲು ನೆಲ ನೋಡಿದ. ಮುಂಜಾನೆಯ ಪ್ರಾರ್ಥನೆಯಲ್ಲೇ ಮೇಷ್ಟ್ರು ಹೇಳಿದ್ದರು: "ಕೇಳಿದ್ದಕ್ಕಷ್ಟ ಉತ್ತರ. ಒಬ್ಬರ ಬೆರಳು ಬಾಯಿ ಬಿಟ್ಟು ಇಳೀತು ಅಂದ್ರ ಊರ ಮರ್ಯಾದಿ ಹೋತು ಅಂತ ತಿಳೀರಿ." ಊರ ಮರ್ಯಾದೆಯನ್ನು ಮೂವತ್ತೊಂದು ಪುಟ್ಟ ಬೆರಳುಗಳು ಕಾಯುತ್ತಿದ್ದವು.

ಅಧಿಕಾರಿ ಒಳ್ಳೆಯ ಮನುಷ್ಯ. ಅವಸರದವರಲ್ಲ. ಒಂದೊಂದೇ ಹಾಳೆಯ ಮುಂದೆ ನಿಂತು ಓದಿದರು. "ಯಾರ ಮನೆಯ ಮಾತು ಇದು?" ಎಂದು ಕೇಳಿ, ಆ ಮಗುವನ್ನು ಎಬ್ಬಿಸಿ, ಅದರ ಬಾಯಿಂದಲೇ ಹೇಳಿಸಿದರು. ಮಕ್ಕಳು ಎದ್ದು ಹೇಳಿ, ಕೂತು, ಬೆರಳನ್ನು ಮತ್ತೆ ತುಟಿಗೇರಿಸಿದರು. ಪಾತರಗಿತ್ತಿ ಎಂಬುದನ್ನು ಕೇಳಿದಾಗ ಅಧಿಕಾರಿಯ ಮುಖ ಅರಳಿತು. "ನಮ್ಮಜ್ಜಿ ಹೊಳಲಿನವಳು. ಹಿಂಗೇ ಅಂತಿದ್ಳು. ಈ ಮಾತು ಕೇಳಿ ನಲವತ್ತು ವರ್ಷ ಆತು," ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಮ್ಮ ನಾಡಿನಲ್ಲಿ ಒಂದೇ ಜೀವಿಗೆ ಎಷ್ಟು ದನಿಗಳು, ಇವುಗಳಲ್ಲಿ ಒಂದನ್ನೂ ಸಾಯಲು ಬಿಡಬಾರದು ಎಂದು ಹತ್ತು ನಿಮಿಷ ಮಾತಾಡಿದರು. ಅಷ್ಟೂ ಹೊತ್ತು ಸೌಭಾಗ್ಯಳ ಅಂಗೈ ಅಡಿಯಲ್ಲಿ ಎರಡು ಕೈಗಳು ಒದ್ದಾಡುತ್ತಿದ್ದವು. ಕೊನೆಗೆ ಒದ್ದಾಟ ನಿಂತಿತು. ಸಮಾಧಾನವಾಯಿತೆಂದು ಅವಳು ತಿಳಿದಳು.

"ಈ ಫೋಟೊದಲ್ಲಿರೋ ಕೈ ಯಾರದು?"

ಮೇಷ್ಟ್ರು ಕೊಂಚ ತಡವರಿಸಿ ಹಿಂದಿನ ಸಾಲು ತೋರಿಸಿದರು.

"ಅರೆ, ಈಕೆಯದೇ? ಬಾರಮ್ಮ, ಬಾ. ಒಂದ್ಸಲ ಮಾಡಿ ತೋರ್ಸು," ಅಧಿಕಾರಿ ಫೋನು ಹೊರತೆಗೆದರು.

ಸೌಭಾಗ್ಯ ಕೈ ಬಿಟ್ಟಳು. ಅಮೃತಾ ಎದ್ದು ಮುಂದೆ ಬಂದು, ಆ ಅಪರಿಚಿತ ಮನುಷ್ಯನ ಎದುರು ನಿಂತು, ಚಿಟ್ಟೆ ಮಾಡಿದಳು. ಅದನ್ನು ಮುಂಗೈಯ ಮೇಲೆ ಇಳಿಸಿದಳು. ಇಳಿಸಿ, ಅಲ್ಲಿಂದ ಮುಂದೆ ಹೇಳುವ ಮೊದಲೇ ಫೋನು ಮಿನುಗಿತು. "ಭಾಳ ಚಂದ!" ಎಂದರು ಅಧಿಕಾರಿ.

"ಎಲ್ರೂ ಚಪ್ಪಾಳಿ!" ಎಂದರು ಮೇಷ್ಟ್ರು.

ಚಪ್ಪಾಳೆಗೆಂದು ಕೈಗಳು ಬಿಚ್ಚಿಕೊಂಡವು; ಬೆರಳುಗಳು ತುಟಿಯಿಂದ ಕೆಳಗಿಳಿದವು. ರೇಖಾ ಚಪ್ಪಾಳೆ ತಟ್ಟಲಿಲ್ಲ. ಅವಳು ಚೀರಿದಳು: "ಸಾರ್, ಅವ್ರಜ್ಜಿಗೆ ಹುಳ ಮುಟ್ಟೈತಂತ್ರಿ! ಹಾವು ಕಡದೈತಂತ್ರಿ ಸಾರ್, ಆಗಿಂದ ಹೇಳಾಕತ್ಯಾಳ್ರಿ ಆಕಿ!"

ಗಂಟೆ ಹನ್ನೊಂದು ಐವತ್ತೈದು.

ಗುರುಬಸವರಾಜ ಮೇಷ್ಟ್ರು ರೇಖಾಳ ಕಡೆ ತಿರುಗಿದರು. "ಲೇ, ಮದ್ಲ ಯಾಕ ಹೇಳ್ಲಿಲ್ಲ ನೀನು?"

ರೇಖಾ ಬಿಕ್ಕುತ್ತ, "ಬಾಯಿ ಮ್ಯಾಲ ಬೆರಳು ಇಡ್ರಿ ಅಂದಿದ್ರಲ್ರಿ ಸಾರ್," ಎಂದಳು.

ಅಧಿಕಾರಿಯ ಜೀಪಿನಲ್ಲೇ ಅಮೃತಾಳನ್ನು ಕೂರಿಸಿಕೊಂಡು ದೊಡ್ಡವರೆಲ್ಲ ಹೋದರು. ಗಾಳೆಮ್ಮ ಕಟ್ಟಿಗೆಯ ರಾಶಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ರೆಪ್ಪೆಗಳು ಜೋತುಬಿದ್ದಿದ್ದವು. ಉಸಿರು ಇತ್ತು, ಎಣಿಸಬಹುದಾದಷ್ಟು. ಜೀಪಿನ ಹಿಂದಿನ ಸೀಟಿನಲ್ಲಿ ಅವಳ ತಲೆ ಸೌಭಾಗ್ಯಳ ತೊಡೆಯ ಮೇಲಿತ್ತು. ಎಡ ಮುಂಗೈ ಅಮೃತಾಳ ಎರಡೂ ಕೈಗಳ ನಡುವೆ ಇತ್ತು. ಅಮೃತಾ ಅದನ್ನು ಒತ್ತಿ ಒತ್ತಿ ನೋಡಿದಳು. ಹಸಿರು ರೆಕ್ಕೆಗಳು ಅಲುಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಒಂದು ಗಂಟೆಯ ಮೇಲೆ ಹೊರಗೆ ಬಂದು, "ಒಂದರ್ಧ ತಾಸು ಮುಂಚೆ ತಂದಿದ್ರೆ ನೋಡಬಹುದಿತ್ತು. ಮನೆಯಾಗೆ ಯಾರೂ ಇರ್ಲಿಲ್ಲೇನು?" ಎಂದರು.

ದುರ್ಗಾದೇವಿ ಹಾಸ್ಟೆಲ್ಲಿನಿಂದ ಬಂದಾಗ ಕೈಗೆ ಇನ್ನೂ ಹಿಟ್ಟು ಅಂಟಿತ್ತು. ಅವಳು ಅಳುವುದನ್ನೆಲ್ಲ ಅತ್ತು ಮುಗಿಸಿದ ಮೇಲೆ, ಗೋಡೆಗೆ ಅಂಟಿ ನಿಂತಿದ್ದ ಸೌಭಾಗ್ಯಳ ಹತ್ತಿರ ಬಂದು ನಿಂತಳು. ಬೈಯಲಿಲ್ಲ. ಅರ್ಥವಾಗದ್ದನ್ನು ಕೇಳುವವಳಂತೆ ಕೇಳಿದಳು:

"ಟೀಚರ್, ನೀವು ನಮ್ಮನಿಗೆ ಬಂದು, ನಮ್ಮತ್ತಿ ಮುಂದ ಕುಂತು, ಈಕಿ ಮಾತು ಕಲ್ತು ಹೋಗಿದ್ರಲ್ಲ?"

"ಹೌದು," ಎಂದಳು ಸೌಭಾಗ್ಯ.

"ಮತ್ತ?"



ತಿಂಗಳೊಳಗೆ ಶಾಲೆಗೆ ಮೆಚ್ಚುಗೆಯ ಪತ್ರ ಬಂತು. ಮೇಷ್ಟ್ರು ಅದನ್ನು ಚೌಕಟ್ಟು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿದರು. ಆ ದಿನ ನಡೆದದ್ದರ ಬಗ್ಗೆ ಊರು ಒಂದು ವಾರ ಮಾತಾಡಿತು. 'ಆಯುಷ್ಯ ಅಷ್ಟ ಇತ್ತು' ಎಂದು ಸುಮ್ಮನಾಯಿತು. ಆಯುಷ್ಯ ಅಷ್ಟೇ ಇತ್ತೆಂಬುದು ಸುಳ್ಳು. ನಲವತ್ತು ನಿಮಿಷ ಹೆಚ್ಚೇ ಇತ್ತು. ಅದನ್ನು ಒಂದು ಕೋಣೆಯ ಜನ ಕೈ ಕಟ್ಟಿ ಕೂತು ಕಳೆದರು.

ಅಜ್ಜಿ ತೀರಿಕೊಂಡ ಹದಿನೈದು ದಿನಗಳ ಮೇಲೆ ಅಮೃತಾ ಶಾಲೆಗೆ ಬಂದಳು. ಸಮವಸ್ತ್ರ ಒಗೆದು ಮಡಿಯಾಗಿತ್ತು. ಹಿಂದಿನ ಸಾಲಿನಲ್ಲಿ ಕೂತು, ಯಾರೂ ಹೇಳದೆಯೇ ಕೈ ಕಟ್ಟಿದಳು. ಆಟಕ್ಕೆ ಬಿಟ್ಟಾಗಲೂ ಬಿಡಿಸಲಿಲ್ಲ. ಬಿಸಿಯೂಟದ ತಟ್ಟೆ ಬಂದಾಗ ಬಿಡಿಸಿ, ಉಂಡು, ತೊಳೆದು, ಮತ್ತೆ ಕಟ್ಟಿಕೊಂಡಳು. ರೇಖಾ ಅವಳ ಮುಂದೆ ಕೂತು ಗೊತ್ತಿದ್ದ ಸನ್ನೆಗಳನ್ನೆಲ್ಲ ಮಾಡಿದಳು. ಜಡೆ ಎಳೆದಳು, ಅಣಕಿಸಿದಳು, ಕೊನೆಗೆ ಅತ್ತಳು. ಮನೆಯಲ್ಲೂ ಹೀಗೇ ಎಂದು ದುರ್ಗಾದೇವಿ ಹೇಳಿ ಕಳಿಸಿದಳು. ಮಲಗಿದಾಗಲೂ ಬಿಡಿಸುವುದಿಲ್ಲವಂತೆ.

ಒಂದು ಮಧ್ಯಾಹ್ನ ಮಕ್ಕಳೆಲ್ಲ ಬಯಲಿನಲ್ಲಿದ್ದಾಗ ಸೌಭಾಗ್ಯ ಆ ಹಿಂದಿನ ಸಾಲಿಗೆ ಹೋಗಿ, ಅಮೃತಾಳ ಎದುರು ಮಂಡಿಯೂರಿದಳು. ತನ್ನ ಎರಡು ಹೆಬ್ಬೆರಳುಗಳನ್ನು ಸಿಕ್ಕಿಸಿ, ಬೆರಳುಗಳನ್ನು ಬಿಡಿಸಿದಳು. ಅವು ರೆಕ್ಕೆಯಂತೆ ಕಾಣಲಿಲ್ಲ. ಅದನ್ನು ತನ್ನ ಮುಂಗೈಯ ಮೇಲೆ ಇಳಿಸಿ, ತಲೆ ಬಗ್ಗಿಸಿ ಕೂತಳು. ಕ್ಷಮೆಗೆ ಯಾವ ಸನ್ನೆ ಎಂದು ಅವಳು ಗಾಳೆಮ್ಮನನ್ನು ಕೇಳಿರಲಿಲ್ಲ.

ಅಮೃತಾ ಆ ಕೈಗಳನ್ನು ನೋಡಿದಳು. ಆಮೇಲೆ ತನ್ನ ಕೈ ಬಿಡಿಸಿ, ಮುಂದೆ ಚಾಚಿ, ಟೀಚರ ಕೈಗಳನ್ನು ಹಿಡಿದಳು. ಒಂದರ ಮೇಲೊಂದು ಮಡಚಿದಳು. ಎದೆಗೆ ಒತ್ತಿದಳು. ಬಿಚ್ಚಿಕೊಳ್ಳದಂತೆ ಸ್ವಲ್ಪ ಹೊತ್ತು ಹಾಗೆಯೇ ಅದುಮಿ ಹಿಡಿದಳು.

ನಾಳೆ ನಿಮ್ಮ ಊರಿನ ಶಾಲೆಗೆ ಹೋಗಿ. ಮಕ್ಕಳು ಕೈ ಕಟ್ಟಿ, ತುಟಿಯ ಮೇಲೆ ಬೆರಳಿಟ್ಟು ಕೂತಿರುತ್ತಾರೆ. ಎಷ್ಟು ಶಿಸ್ತು ಎಂದು ಮೆಚ್ಚಿಕೊಂಡು ಹಿಂತಿರುಗಬೇಡಿ. ಒಳಗೆ ಹೋಗಿ 'ಕೈ ಬಿಡಿ' ಎಂದು ಹೇಳಿ. ಹೇಳಿದ ಮೇಲೆ ಅಲ್ಲೇ ನಿಲ್ಲಿ. ಎಲ್ಲಕ್ಕಿಂತ ಹಿಂದಿನ ಸಾಲಿನ ಕೈಗಳು ಬಿಚ್ಚಿಕೊಳ್ಳುವ ತನಕ ನಿಲ್ಲಿ, ಅವು ಹೇಳುವುದನ್ನು ಕೊನೆಯ ತನಕ ನೋಡಿ.